ಬಾಣಂತಿ ಕೋಣೆಯ ಎ.ಸಿ.

ನನ್ನ ಮೊಮ್ಮಗಳು ಹುಟ್ಟಿದ ಬೇಸಿಗೆಯಲ್ಲಿ ನಂಜನಗೂಡಿನ ನಮ್ಮ ಮನೆಯ ತಾರಸಿಯ ಮೇಲೆ ಬೆಳಿಗ್ಗೆ ಹಪ್ಪಳ ಹರವಿದರೆ ಮಧ್ಯಾಹ್ನಕ್ಕೇ ಎತ್ತಿಡಬಹುದಿತ್ತು. ಆ ತಾರಸಿಯ ಕೆಳಗಿನ ಕೋಣೆಯಲ್ಲೇ ನನ್ನ ಮಗಳ ಬಾಣಂತನ. ಮಗುವೋ, ಎಂಥ ಮಗು ಅಂತೀರಿ! ಕಿವಿ ನನ್ನ ಅವ್ವನದೇ, ಹಟ ನಮ್ಮ ಯಜಮಾನರದು. ನಾಲ್ವರನ್ನು ಹೆತ್ತು ಸಾಕಿದವಳಾದರೂ ಅದನ್ನು ಎತ್ತಿಕೊಂಡರೆ ಕೆಳಗಿಡಲು ನನಗೆ ಮನಸ್ಸೇ ಬರುತ್ತಿರಲಿಲ್ಲ.

ಆದರೆ ಕೂಸಿನ ಬೆನ್ನು ತುಂಬ ಬೆವರುಸಾಲೆ. ಮೈಸೂರಿನಿಂದ ನೋಡಲು ಬಂದ ಬೀಗಿತ್ತಿ, ಅಂದರೆ ಅಳಿಯನ ತಾಯಿ, ಅದನ್ನು ಕಂಡವರೇ, "ನಮ್ಮನೇಲಿ ಎ.ಸಿ. ಐತೆ ಕಣ್ರೀ. ಈ ಭಾನ್ವಾರ ಬುಟ್ಟು ಮುಂದಿನ್ ಭಾನ್ವಾರ ತಾಯಿ ಮಗೂನ ಕರ್ಕೊಂಡೋಯ್ತೀವಿ" ಅಂದುಬಿಟ್ಟರು. ಚೊಚ್ಚಲು ಬಾಣಂತಿ ತವರಿನಲ್ಲಿ ಐದು ತಿಂಗಳು ಇರಬೇಕಾದ್ದು. ಇನ್ನೂ ಎರಡು ತುಂಬಿರಲಿಲ್ಲ.

ಯಜಮಾನರು ಮಾರನೆಯ ದಿನವೇ ಅಂಗಡಿಗೆ ಹೋದರು. ಮೂರನೆಯ ದಿನ ಎ.ಸಿ. ಬಂತು. ಗೋಡೆಯ ಮೇಲೆ ಒಂದು ಡಬ್ಬ, ತಾರಸಿಯ ಮೇಲೆ ಒಂದು ಡಬ್ಬ, ನಡುವೆ ತಾಮ್ರದ ಪೈಪು. "ಬಾಣಂತಿಗೆ ತಣ್ಣನ್ ಗಾಳಿಯಾ?" ಎಂದು ನಾನು ಕೂಗಾಡಿದೆ. ಮಗಳ ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಬಿಗಿದು, ಗಾಳಿ ತಾಯಿ ಮಗುವಿನ ಮೇಲೆ ಬೀಳದಂತೆ ಎ.ಸಿ.ಯ ರೆಕ್ಕೆಗಳನ್ನು ಮೇಲಕ್ಕೆ ತಿರುಗಿಸಿದೆ. ಅವತ್ತು ಮಧ್ಯಾಹ್ನ ಕೂಸು ಮೂರು ಗಂಟೆ ನಿದ್ದೆ ಮಾಡಿತು. ನಾನು ಕೂಗಾಟ ನಿಲ್ಲಿಸಿದೆ.

ಬೆವರುಸಾಲೆ ಇಳಿಯುತ್ತಾ ಬಂತು. ಆದರೆ ಬೀಗರು ಬರುವ ಮುಂಚಿನ ದಿನ, ಶನಿವಾರ, ಎ.ಸಿ. ತಣ್ಣಗೆ ಬೀಸುವುದನ್ನೇ ಬಿಟ್ಟಿತು. ಮೇಲಾಗಿ ಗೋಡೆಗುಂಟ ತೊಟತೊಟ ನೀರು. ರಿಪೇರಿಯವನನ್ನು ಕರೆತರಲು ಯಜಮಾನರನ್ನು ಓಡಿಸಿದೆ. ನಾಳೆ ಅವರು ಬಂದು ಇದನ್ನು ನೋಡಿದರೆ ಮುಗೀತು, ಕೂಸು ಮೈಸೂರಿಗೇ.

ರಿಪೇರಿಯವನು ಏಣಿ ಹತ್ತಿ ಮುಚ್ಚಳ ತೆಗೆದ. ಒಳಗಿನ ಜಾಲರಿ ರೊಟ್ಟಿ ಹಂಚಿನ ತಳದ ಹಾಗೆ ಕಪ್ಪಗಿತ್ತು.

"ಅಮ್ಮಾ, ಇದ್ರೊಳ್ಗೆ ಅಡ್ಗೆ ಮಾಡಿದ್ರಾ?"

ಮಾಡಿದ್ದು ಸಾಂಬ್ರಾಣಿ. ದಿನಕ್ಕೆರಡು ಸಲ ಎರೆದ ಮೇಲೆ ಬಾಗಿಲು ಮುಚ್ಚಿ, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ತಾಯಿಗೂ ಮಗುವಿಗೂ ಹೊಗೆ ಕೊಡುತ್ತಿದ್ದೆ. ಹೊಗೆಯೆಲ್ಲ ಆ ಪೈಪಿನಲ್ಲಿ ಏರಿ ತಾರಸಿಯ ಡಬ್ಬದಿಂದ ಹೊರಗೆ ಹೋಗುತ್ತದೆ ಎಂದು ನನ್ನ ಲೆಕ್ಕ.

"ಪೈಪಲ್ಲಿ ಗಾಳಿ ಓಗಲ್ಲ ಕಣಮ್ಮ, ಗ್ಯಾಸು ಓಡಾಡೋದು. ರೂಮಿನ್ ಗಾಳೀನೇ ಇಲ್ಲಿ ಸುತ್ತಿ ಸುತ್ತಿ ತಣ್ಣಗಾಗೋದು. ಜಾಲರಿ ಕಟ್ಕೊಂಡು ಒಳಗೆ ಐಸ್ ಕಟ್ಟೈತೆ. ಅದೇ ಕರಗಿ ಸುರೀತಾ ಇರೋದು."

ಯಜಮಾನರು ಬಿದ್ದು ಬಿದ್ದು ನಕ್ಕರು. "ಎ.ಸಿ.ಗೂ ಬಾಣಂತನ ಮಾಡ್ಬುಟ್ಟಲ್ಲಮ್ಮೀ! ಅದ್ಕೂ ಒಂದು ತಲೆಬಟ್ಟೆ ಕಟ್ಟು."

ನಗಲಿ ಬಿಡಿ. ಅವನು ಒಳಗಿನದನ್ನು ತೊಳೆಯುವಷ್ಟರಲ್ಲಿ ಜಾಲರಿಯನ್ನು ನಾನೇ ಸೋಪಿನ ನೀರಿನಲ್ಲಿ ತಿಕ್ಕಿ, ನೆರಳಿನಲ್ಲಿ ಒಣಗಿಸಿದೆ. ರಾಗಿ ಜರಡಿ ತೊಳೆದವಳಿಗೆ ಇದೇನು ಮಹಾ! ಕೆಂಡದ ಮಡಕೆಯನ್ನು ಅವತ್ತೇ ಹಜಾರಕ್ಕೆ ಸಾಗಿಸಿದೆ.

ಭಾನುವಾರ ಬಿಸಿಲಿನಲ್ಲಿ ಬಂದ ಬೀಗಿತ್ತಿ ನೇರ ಕೋಣೆಗೆ ಹೋಗಿ ಮಗುವಿನ ಅಂಗಿ ಎತ್ತಿ ನೋಡಿದರು. ಬೆನ್ನು ನುಣ್ಣಗೆ, ಬೆಣ್ಣೆ. "ನಮ್ಮದು ಇಷ್ಟು ತಣ್ಣಗೆ ಬೀಸಲ್ಲ ಕಣ್ರೀ" ಎಂದು ಚಾಪೆಯ ಮೇಲೆ ಕೂತರು.

"ಜಾಲರಿ ತೊಳ್ದು ಎಷ್ಟ್ ದಿನ ಆಯ್ತು?" ಎಂದೆ.

"ಯಾವ್ ಜಾಲರಿ?"

ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ನಾನು ಮುಚ್ಚಳ ತೆಗೆದು ತೋರಿಸಿ ಪಾಠ ಹೇಳಿದೆ. ಬೀಗಿತ್ತಿ ಎಲ್ಲ ಕೇಳಿಸಿಕೊಂಡು, ಮಗುವಿನ ಕೆನ್ನೆ ಮುಟ್ಟಿ ಹೇಳಿದರು: "ಮೊದ್ಲು ನಮ್ಮದು ತೊಳುಸ್ತೀನಿ. ಐದು ತಿಂಗ್ಳು ತುಂಬೋಗಂಟ ಕೂಸು ಇಲ್ಲೇ ಇರ್ಲಿ."