ಹೋಗಿದ್ದು ಐದು, ಇದ್ದದ್ದು ಹದಿನೈದು

ನಮ್ಮವರು ಬಿಳಿಚೋಡಿನ ಹತ್ತಿರದ ಸೋಲಾರ್ ಪ್ಲಾಂಟಿನಲ್ಲಿ ಶಿಫ್ಟ್ ಇಂಜಿನಿಯರ್. ಆ ವಾರ ಅವರ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಮೂರು ದಿನ ಮಾತೇ ಆಡಬಾರದು ಅಂತ ಜಗಳೂರಿನ ಡಾಕ್ಟರು ಹೇಳಿದ್ದರು. ಆದರೆ ರಜೆ ಸಿಕ್ಕಿರಲಿಲ್ಲ, ಕೇಳುವ ಧೈರ್ಯವೂ ಇವರಿಗಿರಲಿಲ್ಲ. ಹಿಂದಿನ ತಿಂಗಳಷ್ಟೇ ಒಂದು ನೋಟಿಸ್ ಬಂದಿತ್ತು, ಇನ್ನೊಂದು ತಪ್ಪಾದರೆ ಶಿಫ್ಟಿನ ಜವಾಬ್ದಾರಿ ಕಿತ್ತುಕೊಳ್ಳುತ್ತೇವೆ ಅಂತ.

ಮಧ್ಯಾಹ್ನ ಮೆತ್ತಗೆ ಕಲಸಿದ ಮೊಸರನ್ನ, ಬಿಸಿನೀರಿನ ಫ್ಲಾಸ್ಕು ತಗೊಂಡು ನಾನೇ ಹೋದೆ. ಕಂಟ್ರೋಲ್ ರೂಮಿನಲ್ಲಿ ಇವರೊಬ್ಬರೇ ಇದ್ದರು. ಪ್ಯಾನೆಲ್ಲಿನ ಕರೆಂಟನ್ನು ಲೈನಿಗೆ ಹೊಂದಿಸುವ ಇನ್ವರ್ಟರುಗಳಲ್ಲಿ ಒಂದು ಕೆಟ್ಟು ನಿಂತಿತ್ತು, ಜೊತೆಯವರು ಅದನ್ನು ನೋಡಾಕೆ ಹೋಗಿದ್ದರು. ಇಂಟರ್ನೆಟ್ಟೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ರಾಜ್ಯಕ್ಕೆಲ್ಲ ಕರೆಂಟ್ ಹಂಚುವ ಕೇಂದ್ರಕ್ಕೆ ಫೋನ್ ಮಾಡಿ, ಪ್ಲಾಂಟಿನ ಸಾಮರ್ಥ್ಯ ಇಳಿದಿದೆ ಅಂತ ತಿಳಿಸಲೇಬೇಕಂತೆ. ಅಷ್ಟನ್ನು ಬರೆದು ತೋರಿಸಿ ರಿಸೀವರನ್ನು ನನ್ನ ಕೈಗಿಟ್ಟರು. ಚೀಟಿಯಲ್ಲಿ ಹೀಗಿತ್ತು: ಒಟ್ಟು ಇಪ್ಪತ್ತು ಮೆಗಾವ್ಯಾಟ್, ಹೋಗಿದ್ದು ಐದು, ಇರೋದು ಹದಿನೈದು. ನಾನು ನಂಬರ್ ಒತ್ತುವಷ್ಟರಲ್ಲಿ ಇವರು ಹೊರಗೆ ಹೋಗಿ ಜೊತೆಯವರಿಗೆ ಕೈಸನ್ನೆ ಮಾಡುತ್ತಿದ್ದರು.

ಆ ಕಡೆಯ ಆಪರೇಟರ್ ಪ್ಲಾಂಟಿನ ಹೆಸರು ಕೇಳಿ, ಎಷ್ಟು ಹೇಳಿ ಅಂದರು. ನಾನು ಐದು ಅಂದೆ. ಮನೆಯಲ್ಲಿ ಸಂತೆಗೆ ಹೊರಟವರಿಗೆ ಮುಗಿದಿರೋದನ್ನೇ ಹೇಳುತ್ತೇವೆ, ಡಬ್ಬಿಯಲ್ಲಿ ಎಷ್ಟು ಉಪ್ಪು ಉಳಿದಿದೆ ಅಂತ ಯಾರು ಹೇಳುತ್ತಾರೆ? ಅವರು ಐದು ಅಂತ ತಿರುಗಿ ಓದಿ, ತಿಳಿಸಿದ್ದಕ್ಕೆ ಗುರುತಾಗಿ ಒಂದು ಮೆಸೇಜ್ ನಂಬರ್ ಕೊಟ್ಟರು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ದುಂಡು ಅಕ್ಷರದಲ್ಲಿ ಬರೆದುಕೊಂಡೆ.

ಇವರು ಊಟಕ್ಕೆ ಕೂತ ಸ್ವಲ್ಪ ಹೊತ್ತಿಗೆ ಅದೇ ಆಪರೇಟರ್ ಫೋನ್ ಮಾಡಿದರು.

"ಮೇಡಂ, ನೀವು ಐದೇ ಇದೆ ಅಂದ್ರಿ. ಇಲ್ಲಿ ಹದಿನೈದು ಬರ್ತಾ ಇದೆ. ಇನ್ನೂ ಹತ್ತು ಎಲ್ಲಿಂದ ತಂದ್ರಿ?"

ನನಗೆ ತಲೆಬುಡ ಅರ್ಥವಾಗಲಿಲ್ಲ. ಕಡಿಮೆಯಾದದ್ದನ್ನು ತಿಳಿಸಿ ಅಂದಮೇಲೆ ಕಡಿಮೆಯಾದದ್ದನ್ನೇ ಹೇಳಿದ್ದೆನಲ್ಲ. ಆ ಕಡೆಯವರು ಅಂದದ್ದನ್ನು ತಿಳಿಸಿದಾಗ ಇವರು ಚಮಚ ಇಟ್ಟು, ಚೀಟಿಯ ಹದಿನೈದರ ಕೆಳಗೆ ಗೆರೆ ಎಳೆದರು, ಕಾಗದ ಹರಿಯುವಷ್ಟು ಒತ್ತಿ. ಇರೋದನ್ನು ಹೇಳಬೇಕಂತೆ. ಹದಿನೈದು ಅಂತ ತಿದ್ದಿ ಹೇಳಿದೆ. ತಪ್ಪು ನನ್ನದು, ಹಾಗೆ ಬರೆದುಕೊಳ್ಳಿ ಅಂತಲೂ ಹೇಳಿದೆ.

"ನೀವು ಯಾರು ಮೇಡಂ?"

ಇವರು ಬೇಡ ಅಂತ ತಲೆಯಾಡಿಸಿದರು. ಹದಿನೈದು, ಬರೆದುಕೊಂಡಿರಾ ಅಂತಷ್ಟೇ ಕೇಳಿದೆ. ಹೊಸ ಲೆಕ್ಕ ಇನ್ನು ಮುಂದಕ್ಕೆ, ಮೊದಲಿನ ತಪ್ಪು ಶಿಫ್ಟಿನವರ ಹೆಸರಲ್ಲೇ ಇರುತ್ತೆ, ವಿವರಣೆ ಬರೆದು ಕಳಿಸಲಿ ಅಂದು ಆ ಕಡೆ ಫೋನಿಟ್ಟರು.

ಇವರು ಅಲ್ಲೇ ವಿವರಣೆ ಬರೆದು, ಇಂಗ್ಲಿಷ್ ನೋಡು ಅಂತ ನನಗೆ ಕೊಟ್ಟರು. ಫೋನಿನಲ್ಲಿ ತಪ್ಪು ಅಂಕಿ ಹೇಳಿದ್ದು ತಾವೇ ಅಂತ ಬರೆದಿದ್ದರು.

"ನೀವು ಹೇಳೇ ಇಲ್ಲವಲ್ರೀ" ಅಂದೆ.

ಹರಿದ ಚೀಟಿಯ ಕೆಳಗೆ ಬರೆದು ತೋರಿಸಿದರು: "ನೀನು ಬಂದಿದ್ದು ಊಟ ಕೊಡಾಕೆ."

ಹೊರಗಿನವಳು ಫೋನ್ ಮುಟ್ಟಿದಳು ಅಂತ ನಿಜ ಬರೆದರೆ ಇನ್ನೊಂದು ತಪ್ಪಾಗುತ್ತದೆ. ಬರೆಯದಿದ್ದರೆ ಇದು ಸುಳ್ಳು, ಆ ಕಡೆಯವರು ಕೇಳಿದ್ದು ಹೆಂಗಸಿನ ದನಿ. ಯಾವುದರಿಂದ ಇವರ ಶಿಫ್ಟ್ ಉಳಿಯುತ್ತದೋ ನನಗೆ ಗೊತ್ತಾಗಲಿಲ್ಲ. ಪೆನ್ನು ಹಿಡಿದು ಎರಡು ಸಲ ಓದಿದೆ. ಏನೂ ತಿದ್ದದೆ ಕಾಗದ ವಾಪಸ್ ಕೊಟ್ಟೆ.