ಯಾರದೂ ಅಲ್ಲದ ನಲವತ್ತೊಂದು ಕಾಲುಗಳು

ಕೃತಕ ಕಾಲು ತಯಾರಿಸುವ ಆ ವರ್ಕ್‌ಶಾಪಿನಲ್ಲಿ ಅವರನ್ನು ಎಲ್ಲರೂ ಪೊರಕೆ ಅಕ್ಕ ಎಂದೇ ಕರೆಯುತ್ತಾರೆ. ಇಪ್ಪತ್ತು ವರ್ಷದ ಹಿಂದೆ ನೆಲದ ಮೇಲಿನ ಪ್ಲಾಸ್ಟರ್ ಪುಡಿ ಗುಡಿಸಲು ಸೇರಿದವರು. ಗುಡಿಸುವಾಗ ಒಂದು ಸ್ಕ್ರೂ ಸಿಕ್ಕರೂ ಕಸಕ್ಕೆ ಹಾಕುತ್ತಿರಲಿಲ್ಲವಂತೆ. ಅಂಗೈಯಲ್ಲಿಟ್ಟುಕೊಂಡು ಮೇಜಿಂದ ಮೇಜಿಗೆ ಹೋಗಿ "ಇದು ಯಾರದ್ದು?" ಎಂದು ಎಲ್ಲರ ತಲೆ ತಿನ್ನುತ್ತಿದ್ದರಂತೆ. ಕಂಪ್ಯೂಟರ್ ಬಂದಾಗ ಅದರ ಪಕ್ಕ ನಿಂತು ನಿಂತೇ ಕೆಲಸ ಕಲಿತರು. ಈಗ ಅದರೊಳಗಿನ ಕಸ ತೆಗೆಯುವುದೂ ಅವರ ಪಾಲಿಗೇ ಬಂದಿದೆ.

ನಾನು ಕ್ಷೌರಿಕ, ನಿಂತೇ ದುಡಿಯಬೇಕು. ಎಡಗಾಲು ಮಂಡಿಯ ಕೆಳಗೆ ಇಲ್ಲ. ಮೊಂಡುಗಾಲು ಕೂರುವ ಬಟ್ಟಲಿಗೆ ಸಾಕೆಟ್ ಅನ್ನುತ್ತಾರೆ. ವರ್ಕ್‌ಶಾಪಿನ ಹಳೆಯ ಮೇಸ್ತ್ರಿ ಮಾಡಿಕೊಟ್ಟ ಸಾಕೆಟ್ ತೊಟ್ಟು ಒಂಬತ್ತು ವರ್ಷ, ದಿನಕ್ಕೆ ಹತ್ತು ಗಂಟೆ ನಿಂತಿದ್ದೇನೆ. ಅದು ಒಡೆದಾಗ, ಕೋಪ ಮೂಗಿನ ತುದಿಯಲ್ಲೇ ಇರುವ ನಾನು ಅದನ್ನು ಕಸದ ಗಾಡಿಗೆ ಎಸೆದೆ. ಅಳತೆ ಕಂಪ್ಯೂಟರಿನಲ್ಲಿ ಇದೆಯಲ್ಲ ಎಂಬ ಧೈರ್ಯ. "ಹೊಸದು ಬರೋವರೆಗಾದ್ರೂ ಇರ್ಲಿ ಅಂತ ಬಡ್ಕೊಂಡೆ" ಎಂದು ಹೆಂಡತಿ ಇವತ್ತಿಗೂ ಹಂಗಿಸುತ್ತಾಳೆ.

ಆ ಅಳತೆಯಿಂದ ಮಾಡಿದ ಹೊಸದು ಬಂತು. ಮೂರನೇ ದಿನಕ್ಕೆ ಹುಣ್ಣು. ಮತ್ತೆ ಅಳತೆ ತೆಗೆದು ಇನ್ನೊಂದು ಮಾಡಿದರು, ಮತ್ತೆ ಹುಣ್ಣು. ಮೇಸ್ತ್ರಿ ತೀರಿಕೊಂಡು ಎರಡು ವರ್ಷವಾಗಿತ್ತು, ಅವರ ಕೈಗುಣ ಯಾರಿಗೂ ಬಂದಿರಲಿಲ್ಲ. ಏಳು ತಿಂಗಳು ಮನೆಯಲ್ಲಿ ಕೂತೆ. ಅಂಗಡಿಯಲ್ಲಿ ನನ್ನ ಭಾವಮೈದ ಇಲಿ ಕಚ್ಚಿದ ಹಾಗೆ ಕೂದಲು ಕತ್ತರಿಸುತ್ತಿದ್ದ. ಡಾಕ್ಟರು ಮಾತ್ರ ಖಡಾಖಂಡಿತವಾಗಿ ಹೇಳಿದ್ದರು: "ಇನ್ನೊಂದು ಸಲ ಹುಣ್ಣಾದ್ರೆ ಮಂಡಿ ಮೇಲೇ ಕತ್ತರಿಸಬೇಕಾಗುತ್ತೆ." ಅಂದರೆ ಉಳಿದದ್ದು ಒಂದೇ ಪ್ರಯತ್ನ.

ಅದಕ್ಕಾಗಿ ನಾನು ವರ್ಕ್‌ಶಾಪಿನ ಬೆಂಚಿನ ಮೇಲೆ ಕೂತಿದ್ದ ದಿನವೇ ಕಂಪ್ಯೂಟರಿನಲ್ಲಿ ಜಾಗ ಸಾಲದೆ ಅಚ್ಚು ಕೊರೆಯುವ ಯಂತ್ರ ನಿಂತುಹೋಯಿತು. ಸೂಪರ್‌ವೈಸರ್ ಓಡಿಬಂದರು.

"ರೋಗಿ ನಂಬರ್ ಇಲ್ಲದ ಫೈಲೆಲ್ಲ ಅಳಿಸಿಬಿಡಿ ಅಕ್ಕ. ಎಲ್ಲ ಕಸ."

"ತೆರೆದು ನೋಡಿ ಅಳಿಸ್ತೀನಿ ಸರ್."

"ಸಾವಿರಾರು ಇವೆಯಲ್ರೀ!"

"ಸಂಜೆವರೆಗೆ ಟೈಮಿದೆಯಲ್ಲ, ಬಿಡಿ."

ನನಗೆ ಮೈಯೆಲ್ಲ ಉರಿಯಿತು. ಯಂತ್ರ ನಿಂತಿದೆ, ಈ ಹೆಂಗಸು ನಿಧಾನವಾಗಿ ಒಂದೊಂದೇ ತೆರೆಯುತ್ತ ಕೂತಿದ್ದಾರೆ! ಖಾಲಿ ಫೈಲು, ಅರ್ಧಕ್ಕೆ ನಿಂತ ಸ್ಕ್ಯಾನು, ಒಂದರದೇ ಮೂರು ಮೂರು ಪ್ರತಿ, ಎಲ್ಲ ಅಳಿಸಿದರು. ಮಧ್ಯಾಹ್ನ ಮೂರಕ್ಕೆ ಯಂತ್ರ ಶುರುವಾಯಿತು. ಕೊನೆಗೆ ನಲವತ್ತೊಂದು ಫೈಲು ಉಳಿದವು. ಮೊಂಡುಗಾಲಿನ ಪೂರ್ತಿ ಅಚ್ಚುಗಳು, ನಂಬರೂ ಇಲ್ಲ, ಯಾರ ಹೆಸರೂ ಇಲ್ಲ, ಬರೀ 'ಟ್ರಯಲ್' ಎಂದಿತ್ತು. ಪೊರಕೆ ಅಕ್ಕ ಎದ್ದು ನನ್ನ ಹತ್ತಿರ ಬಂದರು.

"ತಮ್ಮಾ, ಮೇಸ್ತ್ರಿ ಮಾಡ್ತಿದ್ದ ಎಡವಟ್ಟು ಈಗ ಗೊತ್ತಾಯ್ತು. ಮೊದಲನೇ ಅಳತೆಗೇ ನಂಬರ್ ಹಾಕಿ ಇಟ್ಬಿಡೋರು. ಆಮೇಲೆ ಅಚ್ಚನ್ನ ಕೈಯಲ್ಲಿ ತಿದ್ದಿ ತಿದ್ದಿ, ಸರಿಹೋದ ಮೇಲೆ ಇನ್ನೊಂದ್ಸಲ ಸ್ಕ್ಯಾನ್ ಮಾಡೋರು. ಅದಕ್ಕೆ ಬರೀ 'ಟ್ರಯಲ್' ಅಂತ ಬರೆದು ಎದ್ದುಹೋಗೋರು. ನಿನಗೆ ಮೊದಲು ಹುಣ್ಣಾಯ್ತಲ್ಲ, ಆ ಸಾಕೆಟ್ ಮಾಡಿದ್ದು ತಿದ್ದೋಕೆ ಮುಂಚಿನ ಅಳತೆಯಿಂದ ಕಣಪ್ಪ. ಸರಿಹೋಗಿದ್ದು ಈ ಕಸದಲ್ಲೇ ಇರಬೇಕು."

ನನ್ನ ಹಳೆಯ ಅಳತೆಯ ಉದ್ದಕ್ಕೆ ಹೊಂದುವಂಥವು ಮೂರೇ ಇದ್ದವು. ಪರದೆಯ ಮೇಲೆ ಅವನ್ನು ತಿರುಗಿಸಿ ತಿರುಗಿಸಿ ತೋರಿಸಿದರು. ಮೊದಲನೆಯದು ಅಲ್ಲ, ಎರಡನೆಯದೂ ಅಲ್ಲ. ಮೂರನೆಯದರ ಒಳಬದಿಯಲ್ಲಿ, ಕೆಳಗೆ, ಹೆಬ್ಬೆರಳ ತುದಿಯಷ್ಟು ಉಬ್ಬಿತ್ತು. ಅಚ್ಚಿನಲ್ಲಿ ಉಬ್ಬಿದ್ದ ಕಡೆ ಸಾಕೆಟ್ಟಿನಲ್ಲಿ ಕುಳಿ ಬೀಳುತ್ತದೆ. ಒಂಬತ್ತು ವರ್ಷ ದಿನಾ ಸಂಜೆ ಸಾಕೆಟ್ಟಿನ ಬೆವರು ಒರೆಸುವಾಗ ನನ್ನ ಹೆಬ್ಬೆರಳು ಅದೇ ಕುಳಿಗೆ ಹೋಗಿ ಕೂರುತ್ತಿತ್ತು.

"ಇದೇ ಅಕ್ಕ! ಇದು ನಂದು!" ಎಂದು ಎಷ್ಟು ಜೋರಾಗಿ ಕೂಗಿದೆನೆಂದರೆ ಸೂಪರ್‌ವೈಸರ್ ಹೊರಗೆ ಬಂದು ನೋಡಿದರು.

ಹತ್ತು ದಿನಕ್ಕೆ ಸಾಕೆಟ್ ತಯಾರಾಯಿತು. ಎರಡು ಕಂಬಿಗಳ ನಡುವೆ ನಿಂತು, ಮೆಲ್ಲಗೆ ಕೈಬಿಟ್ಟು, ಮೈಭಾರವನ್ನೆಲ್ಲ ಎಡಗಾಲಿನ ಮೇಲೆ ಹಾಕಿದೆ. ಉಸಿರು ಬಿಗಿಹಿಡಿದು ನೋವಿಗಾಗಿ ಕಾದೆ. ಬರಲಿಲ್ಲ. ಪೊರಕೆ ಅಕ್ಕ ಪಕ್ಕದಲ್ಲೇ ಇದ್ದರು. ನನ್ನ ಮಂಡಿ ಉಳಿಸಿದವರು ಅವರು. ಅವರ ನಿಧಾನಕ್ಕೆ ಮನಸ್ಸಿನಲ್ಲೇ ಬೈದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಕೈಮುಗಿಯಬೇಕೆನಿಸಿತು.

"ನೋವಾ ತಮ್ಮಾ?"

"ಇಲ್ಲ ಅಕ್ಕ."

"ಮತ್ತೆ ಕಣ್ಣಲ್ಲಿ ಯಾಕೆ ನೀರು? ಮೊದಲನೇ ದಿನ ಇಷ್ಟು ಸಾಕು, ಕೂತ್ಕೋ ಬಾ" ಎಂದು ಕುರ್ಚಿ ಎಳೆದರು.

"ಏಳು ತಿಂಗಳು ಕೂತಿದ್ದೀನಿ ಅಕ್ಕ. ಸ್ವಲ್ಪ ಹೊತ್ತು ನಿಂತಿರ್ತೀನಿ."

ಅವರು ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಉಳಿದ ನಲವತ್ತು ಅಚ್ಚುಗಳು ಯಾರ್ಯಾರವೆಂದು ಹುಡುಕಲು ಫೋನ್ ಎತ್ತಿಕೊಂಡರು. ನಾನು ನಿಂತೇ ಇದ್ದೆ.