ಮನೆಯ ಪೆಟ್ಟಿಗೆ, ಅಂಗಡಿಯ ಪೆಟ್ಟಿಗೆ

ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಉಪ್ಪಳದ ನಮ್ಮ ಸ್ಟುಡಿಯೊದಲ್ಲಿ ಗಂಡ ಮದುವೆಗಳ ವೀಡಿಯೊ ತೆಗೆಯುವವರು, ನಾನು ಕತ್ತರಿಸಿ ಜೋಡಿಸುವವಳು. ವರ್ಷಗಟ್ಟಲೆಯ ಮದುವೆಗಳೆಲ್ಲ ಹಾರ್ಡ್ ಡಿಸ್ಕ್ ತುಂಬಿದ ಒಂದೇ ಪೆಟ್ಟಿಗೆಯಲ್ಲಿದ್ದವು. ಒಂದು ಸಿಡಿಲು ಬಡಿದರೆ ಎಲ್ಲವೂ ಬೂದಿ. ಅದಕ್ಕೇ ಅಂಥದ್ದೇ ಇನ್ನೊಂದು ಪೆಟ್ಟಿಗೆ ತರಿಸಿ, ಕುಂಬಳೆಯ ನಮ್ಮ ಮನೆಯಲ್ಲಿಟ್ಟೆ. ಅಂಗಡಿಯಲ್ಲಿರುವುದೆಲ್ಲ ಬ್ರಾಡ್‌ಬ್ಯಾಂಡಿನಲ್ಲಿ ಹರಿದು ತಾನಾಗಿ ಮನೆಗೂ ನಕಲಾಗಬೇಕು.

ಯಾರನ್ನೂ ಕೇಳದೆ ಮನೆಯಲ್ಲೇ ಕೂತು ಹೊಂದಿಸಿದೆ. ಮಧ್ಯಾಹ್ನ ಹಸಿರು ದೀಪ ಮಿನುಗತೊಡಗಿದ್ದೇ ತಡ, ಅಡುಗೆಮನೆಗೆ ಓಡಿ ಅತ್ತೆಯನ್ನು ಹಿಡಿದು ಒಂದು ಸುತ್ತು ತಿರುಗಿಸಿಬಿಟ್ಟೆ.

“ಬಿಡು ಮಾರಾಯ್ತಿ, ಕೈಯಲ್ಲಿ ಸೌಟು ಉಂಟು!”

“ಅತ್ತೆ, ಆ ಹೊಸ ಪೆಟ್ಟಿಗೆಯ ಪ್ಲಗ್ ಮಾತ್ರ ಯಾವ ಕಾರಣಕ್ಕೂ ತೆಗೀಬಾರ್ದು.”

ಮೊದಲ ಗುಡುಗಿಗೇ ಟಿವಿ, ಫ್ರಿಜ್, ಫೋನು ಎಲ್ಲದರ ವಯರು ಕಿತ್ತಿಡುವುದು ನಮ್ಮ ಕಡೆಯ ಪದ್ಧತಿ. ಅತ್ತೆ ಮೋಡ ಕಂಡರೇ ಸಾಕು, ಕೀಳುವವರು. ನಾನು ಎಷ್ಟೋ ಸಲ ತಮಾಷೆ ಮಾಡಿದ್ದೇನೆ. ಬಾಯಿಮಾತು ಸಾಲದೆಂದು ಪ್ಲಗ್ಗಿನ ಮೇಲೆ ‘ತೆಗೆಯಬೇಡಿ’ ಎಂದು ಚೀಟಿಯನ್ನೂ ಅಂಟಿಸಿ ಉಪ್ಪಳದ ಬಸ್ಸು ಹತ್ತಿದೆ.

ಬಂದ್ಯೋಡು ಹತ್ತಿರವಾಗುವಾಗ, ನನ್ನ ಸಾಹಸವನ್ನು ಇನ್ನೊಮ್ಮೆ ಸವಿಯೋಣವೆಂದು, ಹೊಂದಿಸುವಾಗ ಹಾಕಿದ್ದನ್ನೆಲ್ಲ ಬರೆದಿಟ್ಟ ನೋಟುಪುಸ್ತಕ ತೆರೆದೆ.

ಮೇಲಿನ ಸಾಲಿನಲ್ಲಿ ಮೂಲ ಪೆಟ್ಟಿಗೆಯ ನಂಬರು, ಕೆಳಗಿನದರಲ್ಲಿ ನಕಲು ಪೆಟ್ಟಿಗೆಯದ್ದು ಹಾಕಬೇಕಿತ್ತು. ನಾನು ಮೇಲೆ ಹಾಕಿದ್ದು ಮನೆಯದ್ದನ್ನು! ಮದುವೆ ವೀಡಿಯೊದ ಆರಂಭದಲ್ಲಿ ಮೊದಲು ಮನೆಯ ಹೆಸರು, ಅದರ ಕೆಳಗೆ ಸಭಾಭವನದ ಹೆಸರು ಬರೆದು ಬರೆದು ಕೈಗೆ ಅದೇ ರೂಢಿ. ಈಗ ಮನೆಯ ಖಾಲಿ ಪೆಟ್ಟಿಗೆಯೇ ಮೂಲ. ಅಂಗಡಿಯ ತುಂಬಿದ ಪೆಟ್ಟಿಗೆ ಅದನ್ನು ನೋಡಿ ತಾನೂ ಖಾಲಿಯಾಗಲು ಹೊರಟಿತ್ತು.

ಹಳೆಯ ಮದುವೆಗಳ ಡಿವಿಡಿಗಳು ಅವರವರ ಮನೆ ಸೇರಿದ್ದವು. ಆದರೆ ಕಳೆದ ಆದಿತ್ಯವಾರದ ಮದುವೆ ಆ ಪೆಟ್ಟಿಗೆ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇರಲಿಲ್ಲ. ಕ್ಯಾಮೆರಾದ ಕಾರ್ಡನ್ನು ಅಳಿಸಿ ಗಂಡ ಇನ್ನೊಂದು ಮದುವೆಗೆ ಕೊಂಡುಹೋಗಿದ್ದರು. ಮದುಮಗ ಶುಕ್ರವಾರ ದುಬೈಗೆ ಹೊರಡುವವ. “ಅಕ್ಕ, ಡಿವಿಡಿ ಅವರ ಕೈಯಲ್ಲಿ ಕೊಟ್ಟೇ ಕಳಿಸ್ಬೇಕು” ಎಂದು ಮದುಮಗಳು ನನ್ನ ಕೈ ಹಿಡಿದು ಹೇಳಿದ್ದಳು.

ಮನೆಗೆ ಫೋನ್ ಮಾಡಿದೆ. ಎತ್ತುವವರಿಲ್ಲ. ಇತ್ತ ಅಂಗಡಿಗೆ ಬೀಗ. ಎದ್ದು ಹೋಗಿ ಡ್ರೈವರನಿಗೆ, “ಸ್ವಲ್ಪ ಬೇಗ ಬಿಡಿ” ಅಂದೆ.

“ಇದಕ್ಕೆ ರೆಕ್ಕೆ ಇಲ್ಲ ಅಕ್ಕ.”

ನಗುವೂ ಅಳುವೂ ಒಟ್ಟಿಗೆ ಬಂದು, ಕಂಬ ಹಿಡಿದು ನಿಂತವಳು ಉಪ್ಪಳದವರೆಗೆ ಕೂರಲೇ ಇಲ್ಲ.

ಓಡಿ ಹೋಗಿ ಶಟರ್ ಎತ್ತಿ, ಮೊದಲು ಪೆಟ್ಟಿಗೆಯ ಇಂಟರ್ನೆಟ್ ವಯರು ಕಿತ್ತೆ. ಆಮೇಲೆ ಕಂಪ್ಯೂಟರಿನಲ್ಲಿ ನೋಡಿದೆ. ಹದಿನೇಳು ಹಳೆಯ ಮದುವೆಗಳು ಮಾಯ, ಪಟ್ಟಿಯಲ್ಲಿ ಮೊದಲನೆಯದಾದ ನಮ್ಮದೂ ಸೇರಿ. ಹದಿನೆಂಟನೆಯದರಲ್ಲಿ ಅಳಿಸುವ ಕೆಲಸ ತಾನಾಗಿ ನಿಂತಿತ್ತು: ಮನೆಯ ಪೆಟ್ಟಿಗೆಯ ಸಂಪರ್ಕ ಇಲ್ಲ. ಆದಿತ್ಯವಾರದ ಮದುವೆ ಪಟ್ಟಿಯ ಕೊನೆಯಲ್ಲಿ ಸುಖವಾಗಿ ಕೂತಿತ್ತು.

ಅಷ್ಟರಲ್ಲಿ ಫೋನ್ ಬಂತು. ಅತ್ತೆ.

“ಬೈಬೇಡ ಆಯ್ತಾ? ನಾನು ಆ ಪ್ಲಗ್ ತೆಗೆದೆ. ಫೋನಿನದ್ದೂ ತೆಗೆದಿದ್ದೆ.”

“ಚೀಟಿ ಅಂಟಿಸಿದ್ದೆ ಅಲ್ವಾ ಅತ್ತೆ?”

“ಅಂಟಿಸಿದ್ದಿ. ಗುಡುಗಿಗೆ ಓದ್ಲಿಕ್ಕೆ ಬರ್ತದಾ? ಈಗ ನಿಂತಿದೆ, ವಾಪಾಸು ಹಾಕ್ಲಾ?”

“ಬೇಡ!”

ನನ್ನ ಕಿರುಚಾಟಕ್ಕೆ ಪಕ್ಕದ ಬೇಕರಿಯವರು ಎದ್ದು ಬಂದರು. ನಾನು ಒಬ್ಬಳೇ ಬಿದ್ದು ಬಿದ್ದು ನಗುತ್ತಿದ್ದೆ.

ಶುಕ್ರವಾರ ಡಿವಿಡಿ ಮದುಮಗನ ಜೊತೆ ವಿಮಾನ ಹತ್ತಿತು. ಆದರೆ ಅದಕ್ಕೂ ಮೊದಲು, ಗುಡುಗಿದ ದಿನದ ಸಂಜೆಯೇ, ಅತ್ತೆಯ ಮುಂದೆ ನನ್ನ ತಪ್ಪನ್ನೆಲ್ಲ ಒಪ್ಪಿಕೊಂಡೆ. ಊರಿಗೆಲ್ಲ ಡಿವಿಡಿ ಮಾಡಿಕೊಟ್ಟ ನಾವು ನಮ್ಮ ಮದುವೆಯದ್ದಕ್ಕೆ ಪುರುಸೊತ್ತು ಮಾಡಿಕೊಂಡಿರಲಿಲ್ಲ. ಅದೂ ಹೋಯಿತೆಂದು ಕೊನೆಗೆ ಹೇಳಿದೆ.

ಅತ್ತೆ ಪ್ಲಗ್ಗಿನ ಮೇಲಿನ ಚೀಟಿ ಕೆರೆದು ತೆಗೆಯುತ್ತಿದ್ದರು.

“ಆ ಹುಡುಗಿಯ ಗಂಡ ನಾಡಿದ್ದು ಹೋಗ್ತಾನೆ, ಅವಳದ್ದು ಉಳಿಯಬೇಕಿತ್ತು, ಉಳೀತು. ನಿಂದು ಹೋದ್ರೆ ಎಂತ? ನೀನೇ ಇದ್ದಿಯಲ್ಲ ಇಲ್ಲಿ.”